ಮೂರು ಸಲ ಬೆಂಗಳೂರು

ಸವಾಲಿನ ಜೊತೆ ಕೊಟ್ಟಿದ್ದು ಎರಡೇ ಫೈಲ್. ಒಂದು ಸಿ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ, ಇನ್ನೊಂದು ಅದನ್ನೇ ಕಂಪೈಲ್ ಮಾಡಿದ ಬೈನರಿ, ಅಂದರೆ ಕಂಪ್ಯೂಟರ್ ನೇರವಾಗಿ ಓಡಿಸುವ ರೂಪ. ಪ್ರೋಗ್ರಾಂ ನಿಮ್ಮ ಹೆಸರು ಕೇಳುತ್ತದೆ, ಹೆಸರು ಹಿಡಿದು ನಮಸ್ಕಾರ ಹೇಳುತ್ತದೆ, ಮುಗಿಯುತ್ತದೆ. ಅದರೊಳಗೆ ‘ವಿನ್’ ಅನ್ನುವ ಇನ್ನೊಂದು ಫಂಕ್ಷನ್ ಇದೆ. ಫ್ಲ್ಯಾಗ್, ಅಂದರೆ ಸವಾಲು ಗೆದ್ದದ್ದಕ್ಕೆ ಸಾಕ್ಷಿಯಾಗುವ ಗುಟ್ಟಿನ ಪದ, ಇರುವ ಫೈಲನ್ನು ತೆಗೆದು ತೋರಿಸುವುದಷ್ಟೇ ಅದರ ಕೆಲಸ. ಆದರೆ ಅದನ್ನು ಯಾರೂ ಕರೆಯುವುದಿಲ್ಲ. ಇಡೀ ಪ್ರೋಗ್ರಾಂ ಹುಡುಕಿದರೂ ಅದನ್ನು ಕರೆಯುವ ಸಾಲು ಸಿಗುವುದಿಲ್ಲ. ಯಾರೂ ಕರೆಯದ ಆ ಫಂಕ್ಷನ್ನನ್ನು ನಾವು ಓಡಿಸಬೇಕು. ಅದೂ ಹೆಸರು ಟೈಪ್ ಮಾಡುವ ಆ ಒಂದೇ ಜಾಗದಿಂದ.

ಸಿಟಿಎಫ್ (ಕ್ಯಾಪ್ಚರ್ ದ ಫ್ಲ್ಯಾಗ್) ಅನ್ನುವ ಸೆಕ್ಯುರಿಟಿ ಸ್ಪರ್ಧೆಗಳಲ್ಲಿ ಬೈನರಿ ವಿಭಾಗದ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಇದೇ. ಪಳಗಿದವರು ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಇದರ ಹತ್ತಿರ ತುಂಬಾ ಹೊತ್ತು ನಿಲ್ಲಬೇಕು ಅನ್ನಿಸಿತು. ನಾನು ಕೆಲಸ ಮಾಡುವುದು ಜಾವಾದಲ್ಲಿ. ಅಲ್ಲಿ 64 ಜಾಗ ಇರುವ ಅರೇಗೆ 65ನೆಯದನ್ನು ತುಂಬಲು ಹೋದರೆ ತಕ್ಷಣ ಎಕ್ಸೆಪ್ಶನ್ ಬರುತ್ತದೆ. ಯಾರೋ ನನ್ನ ಪರವಾಗಿ ಎಣಿಸುತ್ತಿರುತ್ತಾರೆ. ಈ ಪ್ರೋಗ್ರಾಂನಲ್ಲಿ ಎಣಿಸುವವರು ಯಾರೂ ಇಲ್ಲ. ಇಡೀ ಸವಾಲು ನಿಂತಿರುವುದು ಅದರ ಮೇಲೆಯೇ.

ಹನುಮಂತನಗರದಲ್ಲಿ ಚಿಕ್ಕಮ್ಮನ ಮನೆ. ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. “ಅಕ್ಕ, ಟೀಮಿಗೆ ಒಬ್ರು ಬೇಕು, ನೀನು ಬಾ” ಅಂತ ಕರೆದಿದ್ದ. ಸ್ಪರ್ಧೆ ಆನ್‌ಲೈನ್. ಮಹಡಿ ಮೇಲಿನ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು.

ಹೆಸರು ಓದಲು ಪ್ರೋಗ್ರಾಂ ಬಳಸಿದ್ದು ‘ಗೆಟ್ಸ್’ ಅನ್ನುವ ಫಂಕ್ಷನ್. ಅದಕ್ಕೆ ಕೊಡುವುದು ಒಂದೇ ಮಾಹಿತಿ: ಎಲ್ಲಿ ಬರೆಯಬೇಕು ಅನ್ನುವ ವಿಳಾಸ. ಅಲ್ಲಿ ಎಷ್ಟು ಜಾಗ ಇದೆ ಅಂತ ಹೇಳಲು ದಾರಿಯೇ ಇಲ್ಲ. ನೀವು ಎಂಟರ್ ಒತ್ತುವವರೆಗೂ ಅದು ಬರೆಯುತ್ತಲೇ ಹೋಗುತ್ತದೆ. ನಮ್ಮ ಪ್ರೋಗ್ರಾಂ ಹೆಸರಿಗೆ ಅಂತ ಇಟ್ಟಿದ್ದು 64 ಬೈಟಿನ ಬಫರ್, ಅಂದರೆ ಮೆಮೊರಿಯಲ್ಲಿ ಅಷ್ಟು ಜಾಗ. 200 ಅಕ್ಷರ ಕೊಟ್ಟರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಪಕ್ಕದ ಜಾಗಕ್ಕೆ.

ಆ ಪಕ್ಕದ ಜಾಗದಲ್ಲಿ ಏನಿದೆ ಅನ್ನುವುದೇ ಮುಖ್ಯ. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಕೆಲಸ ಮುಗಿದ ಮೇಲೆ ಎಲ್ಲಿಗೆ ವಾಪಸ್ ಬರಬೇಕು ಅಂತ ನೆನಪಿಡಬೇಕು. ಆ ವಾಪಸ್ ವಿಳಾಸವನ್ನು ಪ್ರೊಸೆಸರ್ ಮೆಮೊರಿಯ ಸ್ಟ್ಯಾಕ್ ಅನ್ನುವ ಭಾಗದಲ್ಲಿ ಬರೆದಿಡುತ್ತದೆ. ಫಂಕ್ಷನ್ನಿನ ಬಫರುಗಳು ಇರುವುದೂ ಅದೇ ಸ್ಟ್ಯಾಕಿನಲ್ಲಿ. ಚಾಮರಾಜಪೇಟೆಯ ಹಳೇ ವಠಾರದ ಮನೆಗಳ ಹಾಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಗೋಡೆ ಮಾತ್ರ ಇಲ್ಲ. ಮೊದಲು 64 ಬೈಟಿನ ಬಫರ್. ಅದರ ಮೇಲೆ 8 ಬೈಟು, ಕರೆದವರ ಫ್ರೇಮ್ (ಸ್ಟ್ಯಾಕಿನಲ್ಲಿ ಅವರ ಪಾಲಿನ ಜಾಗ) ಎಲ್ಲಿತ್ತು ಅಂತ ಉಳಿಸಿಟ್ಟದ್ದು. ಅದರ ಮೇಲಿನ 8 ಬೈಟು ವಾಪಸ್ ವಿಳಾಸ. ಸ್ಟ್ಯಾಕ್ ಬೆಳೆಯುವುದು ಮೇಲಿನ ವಿಳಾಸದಿಂದ ಕೆಳಕ್ಕೆ. ಬಫರ್ ತುಂಬುವುದು ಕೆಳಗಿನಿಂದ ಮೇಲಕ್ಕೆ. ಹಾಗಾಗಿ ಉಕ್ಕಿದ್ದು ಹೋಗಿ ಬೀಳುವುದು ನೇರ ವಾಪಸ್ ವಿಳಾಸದ ಮೇಲೆ.

ಫಂಕ್ಷನ್ ಮುಗಿಯುವಾಗ ‘ರೆಟ್’ ಅನ್ನುವ ಆದೇಶ ಬರುತ್ತದೆ. ಸ್ಟ್ಯಾಕಿನ ತುದಿಯಲ್ಲಿ ಏನಿದೆಯೋ ಅದನ್ನು ಎತ್ತಿಕೊಂಡು ಪ್ರೊಸೆಸರ್ ಅಲ್ಲಿಗೆ ಹೋಗುತ್ತದೆ. ಇದನ್ನು ಬರೆದವರು ಯಾರು ಅಂತ ಕೇಳುವುದಿಲ್ಲ. ಇದು ನನ್ನನ್ನು ಬಹಳ ತಟ್ಟಿತು. ಬಳಕೆದಾರ ಕೊಡುವ ಹೆಸರು, ಪ್ರೋಗ್ರಾಂ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವ ನಿರ್ಧಾರ, ಎರಡೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಕೂತಿವೆ. ಕಾಲೇಜಿನಲ್ಲಿ ಸ್ಟ್ಯಾಕ್ ಚಿತ್ರ ಬರೆದು ಅಂಕ ತೆಗೆದುಕೊಂಡವರು ನಾವೆಲ್ಲ. ಆ ಚಿತ್ರದಲ್ಲಿ ಇದು ಕಾಣಿಸುತ್ತಲೇ ಇತ್ತು. ಆದರೂ ಕಣ್ಣಿಗೆ ಬೀಳಲು ಇಂಥ ಒಂದು ಸವಾಲು ಬೇಕಾಯಿತು.

ಹಾಗಾದರೆ ಎಷ್ಟು ಬೈಟು ತುಂಬಿದರೆ ವಾಪಸ್ ವಿಳಾಸ ಮುಟ್ಟುತ್ತೇವೆ? 64 ಮತ್ತು 8 ಕೂಡಿದರೆ 72. ಇಲ್ಲಿ ಸುಲಭ. ಆದರೆ ಕಂಪೈಲರ್ ನಡುವೆ ಒಂದಿಷ್ಟು ಖಾಲಿ ಜಾಗ ಬಿಡುವುದುಂಟು, ಹಾಗಾಗಿ ಸುಮ್ನೆ ಲೆಕ್ಕ ಹಾಕಿ ನಂಬಬಾರದು. ಅಳೆದು ನೋಡಬೇಕು. ಅದಕ್ಕೊಂದು ಚಂದದ ಉಪಾಯ ಇದೆ. ಪೈಥಾನಿನ ಪ್ವನ್‌ಟೂಲ್ಸ್ ಅನ್ನುವ ಲೈಬ್ರರಿಯಲ್ಲಿ ‘ಸೈಕ್ಲಿಕ್’ ಅಂತ ಒಂದು ಆದೇಶ. ಅದು ಉದ್ದನೆಯ ಅಕ್ಷರ ಸಾಲೊಂದನ್ನು ಕೊಡುತ್ತದೆ. ಆ ಸಾಲಿನ ಯಾವುದೇ ನಾಲ್ಕು ಅಕ್ಷರದ ತುಂಡು ಎರಡನೇ ಸಲ ಬರುವುದಿಲ್ಲ. ಆ ಸಾಲನ್ನು ಹೆಸರಾಗಿ ಕೊಟ್ಟು ಪ್ರೋಗ್ರಾಂ ಬೀಳಿಸಿ. ವಾಪಸ್ ವಿಳಾಸದ ಜಾಗದಲ್ಲಿ ಯಾವ ತುಂಡು ಬಂದು ಕೂತಿದೆ ನೋಡಿ. ಅದು ಸಾಲಿನಲ್ಲಿ ಎಷ್ಟನೆಯದು ಅಂತ ಕೇಳಿದರೆ ಅಳತೆ ಸಿಕ್ಕಿತು.

“ಯಾವ ತುಂಡೂ ಎರಡು ಸಲ ಬರಲ್ಲ ಅಂದ್ರೆ ಹೇಗಕ್ಕ?” ಅಂದ ತಮ್ಮ.

“ಎಸ್‌ಎಸ್‌ಎಲ್‌ಸಿಯಲ್ಲಿ ಛಂದಸ್ಸು ಓದಿದ್ಯಲ್ಲೋ. ಯಮಾತಾರಾಜಭಾನಸಲಗಂ ಹೇಳು.”

ಹೇಳಿದ. ಒಂದೊಂದೇ ಅಕ್ಷರ ಹಾಳೆಯ ಮೇಲೆ ಬರೆದು, ಕೆಳಗೆ ಲಘು ಗುರು ಗುರುತು ಹಾಕಿದೆವು. ಯ ಮಾ ತಾ: ಲಘು, ಗುರು, ಗುರು. ಯಗಣ. ಒಂದಕ್ಷರ ಮುಂದೆ ಸರಿದರೆ ಮಾ ತಾ ರಾ: ಮೂರೂ ಗುರು. ಮಗಣ. ಇನ್ನೊಂದು ಸರಿದರೆ ತಾ ರಾ ಜ, ತಗಣ. ಹೀಗೆ ಕೊನೆಯವರೆಗೂ. ಲಘು ಗುರುಗಳನ್ನು ಮೂರು ಮೂರಾಗಿ ಜೋಡಿಸಿದರೆ ಆಗುವುದು 8 ಗಣ. ಬಿಡಿ ಬಿಡಿಯಾಗಿ ಬರೆದರೆ 24 ಅಕ್ಷರ ಬೇಕು. ಈ ಸೂತ್ರದಲ್ಲಿ ಇರುವುದು 10 ಅಕ್ಷರ. 8 ಗಣವೂ ಬರುತ್ತದೆ, ಪ್ರತಿಯೊಂದೂ ಒಂದೇ ಸಲ. ಸೈಕ್ಲಿಕ್ ಆದೇಶ ಮಾಡುವುದೂ ಇದನ್ನೇ, ಅಕ್ಷರಗಳ ಸಂಖ್ಯೆ ಮತ್ತು ತುಂಡಿನ ಉದ್ದ ಮಾತ್ರ ಬೇರೆ. ಗಣಿತದಲ್ಲಿ ಇಂಥ ಸಾಲುಗಳಿಗೆ ಡಿ ಬ್ರೈನ್ ಸೀಕ್ವೆನ್ಸ್ ಅನ್ನುತ್ತಾರೆ. ಡಿ ಬ್ರೈನ್ ಡಚ್ ಗಣಿತಜ್ಞ, ಇದರ ಬಗ್ಗೆ 1946ರಲ್ಲಿ ಪ್ರಬಂಧ ಬರೆದವರು. ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ ಸೂತ್ರ ಬೈನರಿ ಒಡೆಯುವ ಕೆಲಸಕ್ಕೆ ನೇರವಾಗಿ ಒದಗಿತು. ಆ ಖುಷಿಯನ್ನು ಹೇಗೆ ಹೇಳಲಿ? ನಮ್ಮ ಮಕ್ಕಳಿಗೆ ಇವೆರಡನ್ನೂ ಒಟ್ಟಿಗೆ ಹೇಳಿಕೊಡಬೇಕು ಅನ್ನಿಸುತ್ತದೆ.

ಪ್ರೋಗ್ರಾಂ ಬಿತ್ತು. ಡೀಬಗ್ಗರ್ ಜಿಡಿಬಿಯಲ್ಲಿ ನೋಡಿದರೆ ಅದು ನಿಂತಿರುವುದು ರೆಟ್ ಆದೇಶದ ಮೇಲೆಯೇ. 32 ಬಿಟ್ಟಿನ ಹಳೇ ಪಾಠಗಳನ್ನು ಓದಿಕೊಂಡು ಬಂದವರಿಗೆ ಇಲ್ಲಿ ಗಲಿಬಿಲಿ ಆಗುತ್ತದೆ. ಅಲ್ಲಿ ನಾವು ತುಂಬಿದ ಅಕ್ಷರಗಳೇ ಇನ್‌ಸ್ಟ್ರಕ್ಷನ್ ಪಾಯಿಂಟರಿನಲ್ಲಿ, ಅಂದರೆ ಮುಂದಿನ ಆದೇಶದ ವಿಳಾಸ ಇರುವ ಜಾಗದಲ್ಲಿ, ಬಂದು ಕೂತಿರುತ್ತವೆ. 64 ಬಿಟ್ಟಿನಲ್ಲಿ ಹಾಗಲ್ಲ. ಎಲ್ಲ ಸಂಖ್ಯೆಯೂ ಒಪ್ಪುವ ವಿಳಾಸ ಆಗುವುದಿಲ್ಲ. ಎಂಟು ಎ ಅಕ್ಷರ ತುಂಬಿದರೆ ಆಗುವ 4141414141414141 ಅನ್ನುವಂಥದ್ದನ್ನು ಪ್ರೊಸೆಸರ್ ವಿಳಾಸ ಅಂತಲೇ ಒಪ್ಪದೆ, ರೆಟ್‌ನಲ್ಲೇ ನಿಂತುಬಿಡುತ್ತದೆ. ಆಗ ನೋಡಬೇಕಾದದ್ದು ಸ್ಟ್ಯಾಕಿನ ತುದಿಯ 8 ಬೈಟು. ಅಲ್ಲಿದ್ದ ತುಂಡನ್ನು ಕೊಟ್ಟು ಕೇಳಿದೆವು. ಉತ್ತರ 72.

ಮುಂದೆ ವಿನ್ ಫಂಕ್ಷನ್ನಿನ ವಿಳಾಸ. ಚೆಕ್‌ಸೆಕ್ ಅನ್ನುವ ಟೂಲು ಮೊದಲೇ ಹೇಳಿತ್ತು: ಈ ಬೈನರಿಯಲ್ಲಿ ಉಕ್ಕಿದ್ದನ್ನು ಪತ್ತೆಹಚ್ಚುವ ಕಾವಲು, ಅಂದರೆ ಕ್ಯಾನರಿ, ಇಲ್ಲ, ಪ್ರೋಗ್ರಾಂ ಪ್ರತಿ ಸಲವೂ ಮೆಮೊರಿಯ ಅದೇ ಜಾಗಕ್ಕೆ ಲೋಡ್ ಆಗುತ್ತದೆ. ಹಾಗಾಗಿ ವಿಳಾಸ ಬದಲಾಗುವುದಿಲ್ಲ. ಹೆಕ್ಸಿನಲ್ಲಿ, ಅಂದರೆ 16ರ ಆಧಾರದ ಸಂಖ್ಯೆಯಲ್ಲಿ, 401196. ಇದನ್ನು ಮೆಮೊರಿಯಲ್ಲಿ ಬರೆಯುವಾಗ ಚಿಕ್ಕ ಬೆಲೆಯ ಬೈಟು ಮೊದಲು ಬರಬೇಕು: 96 11 40, ಆಮೇಲೆ ಐದು ಸೊನ್ನೆ ಬೈಟು. ಸೊನ್ನೆ ಬೈಟು ಕಂಡರೆ ಸ್ಟ್ರಿಂಗ್ ಮುಗಿಯಿತು ಅಂತ ನಿಲ್ಲುವ ಫಂಕ್ಷನ್ನುಗಳಿವೆ. ಗೆಟ್ಸ್ ನಿಲ್ಲುವುದಿಲ್ಲ. ಅದು ನಿಲ್ಲುವುದು ಹೊಸ ಸಾಲಿನ ಗುರುತಿಗೆ ಮಾತ್ರ.

ಇಂಥ ಬೈಟುಗಳನ್ನು ಕೀಬೋರ್ಡಿನಲ್ಲಿ ಟೈಪ್ ಮಾಡಲು ಆಗುವುದಿಲ್ಲ, ಪೈಥಾನಿನಿಂದ ಕಳಿಸಬೇಕು. ಅಲ್ಲೂ ಒಂದು ಎಚ್ಚರ ಬೇಕು. ಪೈಥಾನ್ 3ರಲ್ಲಿ ಮಾಮೂಲಿ ಪ್ರಿಂಟ್ ಬಳಸಿದರೆ 96 ಅನ್ನುವ ಒಂದು ಬೈಟು ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಆಗಿ ಎರಡು ಬೈಟಾಗಿ ಹೊರಬೀಳುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ. ಬೈಟುಗಳನ್ನು ಬೈಟುಗಳಾಗಿಯೇ ಬರೆಯಬೇಕು.

72 ಅಕ್ಷರ, ವಿನ್ ವಿಳಾಸ, ಎಂಟರ್. ವಿನ್ ಒಳಗೆ ಹೋಯಿತು. ಆದರೆ ಫ್ಲ್ಯಾಗ್ ಬರುವ ಮೊದಲೇ ಮತ್ತೆ ಸೆಗ್ಮೆಂಟೇಶನ್ ಫಾಲ್ಟ್, ಪ್ರೋಗ್ರಾಂ ಬಿತ್ತು.

ಇಡೀ ಸವಾಲಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ದಾರಿ ಸರಿ, ವಿಳಾಸ ಸರಿ, ಆದರೂ ಬೀಳುತ್ತದೆ. ಜಿಡಿಬಿ ತೋರಿಸಿದ್ದು ಸಿ ಲೈಬ್ರರಿಯ ಆಳದಲ್ಲಿರುವ ‘ಮೂವ್‌ಆಪ್ಸ್’ ಅನ್ನುವ ಆದೇಶವನ್ನು. ಅದು ಒಂದೇ ಏಟಿಗೆ 16 ಬೈಟು ಸಾಗಿಸುತ್ತದೆ. ಅದಕ್ಕೊಂದು ಹಟ: ಮೆಮೊರಿಯ ಆ ವಿಳಾಸ 16ರಿಂದ ಭಾಗವಾಗಬೇಕು. ಲಿನಕ್ಸಿನಲ್ಲಿ 64 ಬಿಟ್ಟಿನ ಪ್ರೋಗ್ರಾಂಗಳ ನಡುವೆ ಒಂದು ಒಪ್ಪಂದವಿದೆ. ಫಂಕ್ಷನ್ನನ್ನು ಕರೆಯುವ ಮುಂಚೆ ಸ್ಟ್ಯಾಕಿನ ತುದಿ 16ರ ಗುಣಕದಲ್ಲಿರಬೇಕು. ಕರೆದಾಗ 8 ಬೈಟಿನ ವಾಪಸ್ ವಿಳಾಸ ಸೇರಿ ಅದು 8 ಆಚೀಚೆ ಆಗುತ್ತದೆ. ಒಳಗಿನ ಕೋಡು ಇದನ್ನು ನಂಬಿಕೊಂಡೇ ಲೆಕ್ಕ ಹಾಕಿರುತ್ತದೆ. ನಾವು ವಿನ್ ಅನ್ನು ಕರೆಯಲೇ ಇಲ್ಲವಲ್ಲ, ರೆಟ್ ಮೂಲಕ ಒಳಗೆ ನುಗ್ಗಿದೆವು. ಆ 8 ಬೈಟು ಸ್ಟ್ಯಾಕಿಗೆ ಬೀಳಲಿಲ್ಲ. ಲೆಕ್ಕ 8ರಷ್ಟು ಜಾರಿತು. ವಿನ್‌ಗೆ ಅದು ಗೊತ್ತಾಗಲಿಲ್ಲ, ಅದು ಕರೆದ ಲೈಬ್ರರಿಗೆ ಗೊತ್ತಾಯಿತು.

ಪರಿಹಾರ ಸಣ್ಣದು. ಬೈನರಿಯಲ್ಲಿ ಎಲ್ಲಾದರೂ ಇರುವ ಒಂದು ರೆಟ್ ಆದೇಶದ ವಿಳಾಸವನ್ನು ವಿನ್ ವಿಳಾಸಕ್ಕಿಂತ ಮೊದಲು ಇಡುವುದು. ಪ್ರೊಸೆಸರ್ ಮೊದಲು ಅಲ್ಲಿಗೆ ಹೋಗುತ್ತದೆ. ಅಲ್ಲಿರುವುದು ರೆಟ್ ಒಂದೇ, ಆದ್ದರಿಂದ ಸ್ಟ್ಯಾಕಿನಿಂದ ಇನ್ನೊಂದು 8 ಬೈಟು ಎತ್ತಿಕೊಂಡು ವಿನ್‌ಗೆ ಬರುತ್ತದೆ. ಜಾರಿದ 8 ಸರಿಹೋಯಿತು. ಒಟ್ಟು 88 ಬೈಟು. ಸರ್ವರಿಗೆ ಕಳಿಸಿದೆವು, ಫ್ಲ್ಯಾಗ್ ಬಂತು. ತಮ್ಮ ಕುರ್ಚಿಯಿಂದ ಎದ್ದು ಕೂಗಿದ್ದಕ್ಕೆ ಕೆಳಗಿನಿಂದ ಚಿಕ್ಕಮ್ಮ “ಏನಾಯ್ತ್ರೋ?” ಅಂತ ಕೇಳಿದರು.

ಅಂಕ ಸಿಕ್ಕ ಮೇಲೂ ಅವನು ಅದನ್ನು ಬಿಡಲಿಲ್ಲ. “ಅಕ್ಕ, ಎಲ್ರೂ ಎ ಅಕ್ಷರಾನೇ ತುಂಬ್ತಾರಲ್ಲ, ಕನ್ನಡ ತುಂಬಿದ್ರೆ?” ಅಂದ.

ತುಂಬಿ ನೋಡಿದೆವು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. ವ್ಯಂಜನಕ್ಕೆ 3, ಅದರ ಮೇಲಿನ ಸ್ವರ ಚಿಹ್ನೆಗೆ ಬೇರೆ 3, ಅನುಸ್ವಾರದ ಸೊನ್ನೆಗೆ ಇನ್ನೂ 3. ‘ಬೆಂಗಳೂರು’ ಅಂತ ಬರೆಯಿರಿ. ಬಾಯಲ್ಲಿ ನಾಲ್ಕು ಅಕ್ಷರ: ಬೆಂ, ಗ, ಳೂ, ರು. ಕಂಪ್ಯೂಟರ್ ಬಿಡಿಸುವುದು 8 ಚಿಹ್ನೆಯಾಗಿ: ಬ, ಎತ್ವ, ಸೊನ್ನೆ, ಗ, ಳ, ಊತ್ವ, ರ, ಉತ್ವ. ಎಂಟು ಮೂರಲೆ 24 ಬೈಟು. ಮೂರು ಸಲ ಬರೆದರೆ 72.

ಸರಿಯಾಗಿ 72. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬೆಂಗಳೂರು ಬೆಂಗಳೂರು ಬೆಂಗಳೂರು, ನಡುವೆ ಜಾಗ ಬಿಡದೆ. ಆಮೇಲೆ ರೆಟ್ ವಿಳಾಸ, ವಿನ್ ವಿಳಾಸ. ಫ್ಲ್ಯಾಗ್ ಮತ್ತೆ ಬಂತು. ಮೂರನೇ ಬೆಂಗಳೂರಿನ ಳೂ ಅಕ್ಷರದ ಊತ್ವದ ಒಂದು ಬೈಟು ಬಫರಿನ ಒಳಗೆ, ಉಳಿದ ಎರಡು ಬೈಟು ಹೊರಗೆ. ಅಲ್ಲಿಂದ ‘ರು’ ಮುಗಿಯುವವರೆಗಿನ 8 ಬೈಟು ಸರಿಯಾಗಿ ಫ್ರೇಮಿನ ಜಾಗದಲ್ಲಿ ಕೂರುತ್ತದೆ. ಮೆಮೊರಿಯನ್ನು ಜಿಡಿಬಿಯಲ್ಲಿ ತೆಗೆದು ಈ ಗಡಿಯನ್ನು ಬೆರಳಿಟ್ಟು ತೋರಿಸಿದೆ.

ಇದು ಆಟ ಮಾತ್ರ ಅಲ್ಲ. ‘64 ಅಕ್ಷರದ ಹೆಸರು’ ಅಂತ ಮನಸ್ಸಿನಲ್ಲಿಟ್ಟುಕೊಂಡು 64 ಬೈಟು ಇಡುವ ಪ್ರೋಗ್ರಾಮರ್ ಇಂಗ್ಲಿಷಿನಲ್ಲಿ ಯೋಚಿಸುತ್ತಿರುತ್ತಾನೆ. ಕೊನೆಯ ಸೊನ್ನೆ ಬೈಟು ಬಿಟ್ಟರೆ ಅಲ್ಲಿ ಹಿಡಿಯುವುದು 21 ಕನ್ನಡ ಚಿಹ್ನೆ. ಒತ್ತಕ್ಷರ, ದೀರ್ಘ ಎಲ್ಲ ಸೇರಿದ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆದರೆ ಅದು ದಾಟುವುದು ಬಹಳ ಸುಲಭ. ಯಾವ ದಾಳಿಕೋರನೂ ಬೇಕಾಗಿಲ್ಲ. ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆದವರೇ ಸಾಕು. ಅಳತೆ ಮೀರಿದ್ದನ್ನು ಕತ್ತರಿಸುವ ಎಚ್ಚರದ ಕೋಡು ಕೂಡ ಬೈಟಿನ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರದ ಮಧ್ಯಕ್ಕೆ ಕತ್ತರಿ ಬೀಳುತ್ತದೆ. ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇರುವ ಕಪ್ಪು ವಜ್ರ ಕಾಣಿಸುತ್ತದಲ್ಲ, ಅದು ಹೀಗೆ ತುಂಡಾದ ಅಕ್ಷರವೂ ಆಗಿರಬಹುದು. ಈ ಊರಿನಲ್ಲಿ ಇಷ್ಟೊಂದು ಕೋಡ್ ಬರೆಯುತ್ತೇವೆ. ಇಲ್ಲಿನ ಭಾಷೆಯನ್ನು ತುಂಬಿ ಪರೀಕ್ಷೆ ಮಾಡುವ ಅಭ್ಯಾಸ ನಮಗೆ ಇರಲೇಬೇಕು ಅಲ್ವಾ?

ಗೆಟ್ಸ್ ಅಪಾಯ ಅಂತ ಜಗತ್ತಿಗೆ ತಿಳಿದು ಬಹಳ ಕಾಲವಾಯಿತು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಅನ್ನುವ ವಿದ್ಯಾರ್ಥಿ ಬಿಟ್ಟ ವರ್ಮ್, ಅಂದರೆ ತಾನಾಗಿಯೇ ಹರಡುವ ಪ್ರೋಗ್ರಾಂ, ಆಗಿನ ಇಂಟರ್ನೆಟ್ಟನ್ನೇ ನಡುಗಿಸಿತು. ಅದು ಒಳಹೊಕ್ಕ ದಾರಿಗಳಲ್ಲಿ ಒಂದು, ಬಳಕೆದಾರರ ವಿವರ ಹೇಳುವ ‘ಫಿಂಗರ್’ ಸೇವೆ. ಅಲ್ಲಿ ಗೆಟ್ಸ್ ಮೂಲಕ 512 ಬೈಟಿನ ಬಫರಿಗೆ ಓದುತ್ತಿದ್ದರು. ವರ್ಮ್ ಕಳಿಸಿದ್ದು 536 ಬೈಟು. ಹನುಮಂತನಗರದ ಮಹಡಿಯಲ್ಲಿ ನಾವು ಹಾಕಿದ ಲೆಕ್ಕವೇ ಅದು. ಆ ಘಟನೆಯ ಬೆನ್ನಿಗೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ದಾಳಿಗಳಿಗೆ ಸ್ಪಂದಿಸುವ ತಂಡ ಸಿಇಆರ್‌ಟಿ ಹುಟ್ಟಿತು. ಗೆಟ್ಸ್ ಮಾತ್ರ ಸಿ ಭಾಷೆಯ ಸ್ಟ್ಯಾಂಡರ್ಡಿನಿಂದ ಹೊರಬಿದ್ದದ್ದು 2011ರಲ್ಲಿ. ಗೊತ್ತಾದದ್ದಕ್ಕೂ ತೆಗೆದದ್ದಕ್ಕೂ ನಡುವೆ 23 ವರ್ಷ.

ತಮ್ಮನಿಗೆ ಅಂದೇ ಇನ್ನೊಂದು ಮಾತು ಒತ್ತಿ ಹೇಳಿದೆ. ಇದನ್ನೆಲ್ಲ ಮಾಡುವುದು ಸ್ಪರ್ಧೆಯವರು ಕೊಟ್ಟ ಸರ್ವರಿನ ಮೇಲೆ, ಇಲ್ಲವೇ ನಮ್ಮದೇ ಲ್ಯಾಪ್‌ಟಾಪಿನಲ್ಲಿ. ಒಪ್ಪಿಗೆ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ ಇದೆ: ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದ್ದಾದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಆಮೇಲೆ ಅದೇ ಪ್ರೋಗ್ರಾಮನ್ನು ನಾವೇ ಕಂಪೈಲ್ ಮಾಡಿದೆವು. ಗೆಟ್ಸ್ ಬೇಕು ಅಂತ ಕಂಪೈಲರಿಗೆ ಹಳೆಯ ಸಿ99 ಸ್ಟ್ಯಾಂಡರ್ಡ್ ಹೇಳಬೇಕಾಯಿತು. ಆದರೂ ಈ ಫಂಕ್ಷನ್ ಅಪಾಯ ಅಂತ ಎಚ್ಚರಿಕೆ ಕೊಟ್ಟೇ ಕೊಟ್ಟಿತು. ಈ ಸಲ ಕ್ಯಾನರಿಯನ್ನು ತೆಗೆಯಲಿಲ್ಲ. ಕ್ಯಾನರಿ ಅಂದರೆ ಬಫರಿಗೂ ವಾಪಸ್ ವಿಳಾಸಕ್ಕೂ ನಡುವೆ ಇಡುವ 8 ಬೈಟಿನ ಗುಟ್ಟಿನ ಸಂಖ್ಯೆ. ಫಂಕ್ಷನ್ ಮುಗಿಯುವಾಗ ಅದು ಹಾಗೇ ಇದೆಯಾ ಅಂತ ನೋಡಿ, ಬದಲಾಗಿದ್ದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತಾರೆ. ಈ ಉಪಾಯ ಸ್ಟ್ಯಾಕ್‌ಗಾರ್ಡ್ ಅನ್ನುವ ಹೆಸರಲ್ಲಿ 1998ರಲ್ಲಿ ಪ್ರಕಟವಾಯಿತು. ನಮ್ಮ 88 ಬೈಟು ಕೊಟ್ಟ ಕೂಡಲೇ ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್ ಅಂತ ಬಂದು ಪ್ರೋಗ್ರಾಂ ನಿಂತಿತು. ಎಣಿಸದಿದ್ದರೂ ಕಾವಲು ಸಿಕ್ಕಿತು.

ತಮ್ಮ ಬರೀ ಬೆಂಗಳೂರನ್ನು ಮೂರು ಸಲ ಕೊಟ್ಟ. ವಿಳಾಸಗಳಿಲ್ಲದೆ, ಬರೀ 72 ಬೈಟು. 64ರ ಬಫರಿಗೆ 72. ಕ್ಯಾನರಿ ಕೂಗಬೇಕಿತ್ತು, ಕೂಗಲಿಲ್ಲ. ಪ್ರೋಗ್ರಾಂ ನಮಸ್ಕಾರ ಹೇಳಿ ಸಲೀಸಾಗಿ ಮುಗಿಯಿತು.

ಡಿಸ್‌ಅಸೆಂಬ್ಲಿ, ಅಂದರೆ ಬೈನರಿಯೊಳಗಿನ ಆದೇಶಗಳ ಪಟ್ಟಿ, ನೋಡಿದಾಗ ತಿಳಿಯಿತು. ಈ ಬೈನರಿಯಲ್ಲಿ ಕಂಪೈಲರ್ ಬಫರ್ ಮತ್ತು ಕ್ಯಾನರಿ ನಡುವೆ 8 ಬೈಟು ಖಾಲಿ ಬಿಟ್ಟಿದೆ. ಮೂರನೇ ಬೆಂಗಳೂರಿನ ಬಾಲ ಅಲ್ಲಿ ಕೂತಿತು. ಗೆಟ್ಸ್ ಕೊನೆಗೊಂದು ಸೊನ್ನೆ ಬೈಟು ಸೇರಿಸುತ್ತದೆ, ಅದು ಬಿದ್ದದ್ದು ಕ್ಯಾನರಿಯ ಮೊದಲ ಬೈಟಿನ ಮೇಲೆ. ಲಿನಕ್ಸಿನಲ್ಲಿ ಕ್ಯಾನರಿಯ ಮೊದಲ ಬೈಟು ಸಾಮಾನ್ಯವಾಗಿ ಸೊನ್ನೆಯೇ. ಸ್ಟ್ರಿಂಗ್ ಅಂತ ಓದುತ್ತಾ ಬಂದವರು ಅಲ್ಲೇ ನಿಲ್ಲಲಿ, ಗುಟ್ಟು ಸೋರದಿರಲಿ ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಸೊನ್ನೆಯ ಮೇಲೆ ಸೊನ್ನೆ ಬಿದ್ದರೆ ಏನೂ ಬದಲಾಗಲಿಲ್ಲ. ಇನ್ನೊಂದು ಅಕ್ಷರ ಸೇರಿಸಿ ಕೊಟ್ಟ ಕೂಡಲೇ ಸಿಕ್ಕಿಬಿದ್ದೆವು.

“ಅಕ್ಕ, ಗೆಟ್ಸ್ ಸೊನ್ನೆ ಸೇರಿಸುತ್ತೆ. ಸೇರಿಸದೇ ಇರೋ ಫಂಕ್ಷನ್ ಆಗಿದ್ರೆ? ರೀಡ್ ಥರದ್ದು?”

ಆಗ 73ನೇ ಬೈಟು ಆ ಕಾವಲಿನ ಸೊನ್ನೆಯನ್ನು ಅಳಿಸುತ್ತದೆ, ಅದರ ಹಿಂದೆ ಬೇರೆ ಸೊನ್ನೆ ಬರುವುದಿಲ್ಲ. ನಮಸ್ಕಾರ ಹೇಳಲು ಹೆಸರನ್ನು ಪ್ರಿಂಟ್ ಮಾಡುವ ಸಾಲು ನಿಲ್ಲದೆ ಮುಂದೆ ಓದುತ್ತಾ ಹೋಗಿ ಕ್ಯಾನರಿಯ ಉಳಿದ 7 ಬೈಟನ್ನೂ ನಮ್ಮ ಮುಂದೆ ಸುರಿಯುತ್ತದೆ. ಆದರೆ ಅದನ್ನು ಬಳಸಬೇಕೆಂದರೆ ಫಂಕ್ಷನ್ ಮುಗಿಯುವ ಮೊದಲು ಇನ್ನೊಂದು ಸಲ ಬರೆಯುವ ಅವಕಾಶ ಬೇಕು. ಇಷ್ಟು ಹೇಳುವಷ್ಟರಲ್ಲಿ ಅವನು ಸ್ಪರ್ಧೆಯ ಪಟ್ಟಿಯಲ್ಲಿ ಮುಂದಿನ ಸವಾಲನ್ನು ತೆರೆದಿದ್ದ. ಅದರಲ್ಲಿ ಓದುವುದಕ್ಕೆ ರೀಡ್ ಬಳಸಿದ್ದರು, ಮತ್ತು ಅದು ಎರಡು ಸಲ ಕೇಳುತ್ತಿತ್ತು: ಮೊದಲು ಹೆಸರು, ಆಮೇಲೆ ಊರು.